ಗುಂಡಿ ಫೋನಿನ ಮಾತು

ಜೂನ್ 14, 2024, ಶುಕ್ರವಾರ

ಸೇಲಂ ಆಸ್ಪತ್ರೆಯಿಂದ ಮನೆಗೆ ಬಂದು ಮೂರು ದಿನವಾಯಿತು. ಕ್ಯಾನ್ಸರ್ ಎಂದು ಇವರ ಗಂಟಲಿನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದಾರೆ. ಕತ್ತಿನ ಬುಡದಲ್ಲಿ ನಾಣ್ಯದಷ್ಟಗಲ ತೂತು. ಉಸಿರು, ಕೆಮ್ಮು, ಕಫ ಎಲ್ಲ ಅಲ್ಲಿಂದಲೇ. ಮಾತು ಮಾತ್ರ ಎಲ್ಲಿಂದಲೂ ಇಲ್ಲ.

ಇವರ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ, ಪುಸ್ತಕದಲ್ಲಿ ಬರೆದರೆ ತಪ್ಪಿಲ್ಲ. ಮುರುಗೇಶ್. ಇಪ್ಪತ್ತಾರು ವರ್ಷ ಮೆಟ್ಟೂರು–ಸೇಲಂ ಖಾಸಗಿ ಬಸ್ಸಿನ ಕಂಡಕ್ಟರ್. "ಮೇಚ್ಚೇರಿ, ಓಮಲೂರು, ಸೇಲಂ" ಎಂದು ಒಮ್ಮೆ ಕೂಗಿದರೆ ಬಸ್ ಸ್ಟ್ಯಾಂಡಿನ ಆ ತುದಿಯಲ್ಲಿ ಟೀ ಕುಡಿಯುತ್ತಿದ್ದವರೂ ಲೋಟ ಇಟ್ಟು ಓಡಿ ಬರುತ್ತಿದ್ದರು. ಮನೆಯಲ್ಲೂ ಅದೇ ದನಿ. ಸಾರಿಗೆ ಉಪ್ಪು ಕಡಿಮೆಯಾದರೆ ಬೀದಿಗೆಲ್ಲ ತಿಳಿಯುತ್ತಿತ್ತು.

ಇದು ಮಗಳು ವಾಣಿಯ ಹಳೆಯ ನೋಟುಪುಸ್ತಕ, ಅರ್ಧ ಖಾಲಿ ಇತ್ತು. ಈ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಅಪ್ಪ ಮಗಳು ಆಡುವುದು ಕನ್ನಡವಾದರೂ ಇಬ್ಬರೂ ಕಲಿತದ್ದು ತಮಿಳು ಶಾಲೆಯಲ್ಲಿ. ನಾನು ಹನೂರಿನ ಕಡೆಯವಳು, ಏಳನೆಯವರೆಗೆ ಕನ್ನಡ ಓದಿದವಳು. ಈ ಕೊಳತ್ತೂರಿಗೆ ಬಂದು ಇಪ್ಪತ್ತೆರಡು ವರ್ಷದಲ್ಲಿ ತಮಿಳು ಕಿವಿಗೆ ಬಂತು, ಬಾಯಿಗೆ ಬಂತು, ಕಣ್ಣಿಗೆ ಬರಲಿಲ್ಲ. ಯಾರೂ ಓದುವುದಿಲ್ಲವಲ್ಲ, ಅದಕ್ಕೇ ಒಂದು ಮಾತು ಬರೆದಿಡುತ್ತೇನೆ. ಮನೆ ಹೀಗೆ ನಿಶ್ಶಬ್ದವಾಗಿರುವುದು ನನಗೆ ಹಿತವಾಗಿದೆ.

ಜೂನ್ 17

ಮಧ್ಯಾಹ್ನ ಸ್ಲೇಟಿನ ಮೇಲೆ ಏನೋ ಬರೆದು ನನ್ನ ಮುಖಕ್ಕೆ ಹಿಡಿದರು. ವಾಣಿ ಅಂಗಡಿಗೆ ಹೋಗಿದ್ದಳು. ನೀರು ತಂದೆ, ಅಲ್ಲ ಎಂದು ತಲೆಯಾಡಿಸಿದರು. ಟವೆಲ್ ತಂದೆ, ಮಾತ್ರೆ ತಂದೆ, ಉಗುಳುವ ಡಬ್ಬ ತಂದೆ. ಇವರ ಕಣ್ಣು ಕೆಂಪಾಯಿತು. ಅದೇ ಅಕ್ಷರಗಳನ್ನು ಇನ್ನೂ ದೊಡ್ಡದಾಗಿ ಬರೆದರು, ದೊಡ್ಡದಾಗಿ ಬರೆದರೆ ನನಗೆ ಓದಲು ಬರುತ್ತದೆ ಎಂಬಂತೆ. ಕೊನೆಗೆ ಸ್ಲೇಟನ್ನು ಗೋಡೆಗೆ ಎಸೆದರು.

ವಾಣಿ ಬಂದು ಒಡೆದ ಚೂರು ಜೋಡಿಸಿ ಓದಿದಳು. "ಫ್ಯಾನ್ ಆಫ್ ಮಾಡು ಅಂತ ಬರ್ದವ್ರೆ ಅಮ್ಮಾ." ಗಾಳಿ ನೇರ ಕತ್ತಿನ ತೂತಿಗೆ ಬಡಿಯುತ್ತಿತ್ತು. ಅಷ್ಟೇ.

ವಾಣಿ ಧರ್ಮಪುರಿಯಲ್ಲಿ ನರ್ಸಿಂಗ್ ಎರಡನೆಯ ವರ್ಷ. ಮುಂದಿನ ವಾರ ಹಾಸ್ಟೆಲಿಗೆ ಹಿಂತಿರುಗಬೇಕು. ಆಮೇಲೆ ಗತಿಯೇನು? ತನ್ನ ಟಚ್ ಫೋನನ್ನು ಅಪ್ಪನ ಕೈಗೆ ಕೊಟ್ಟು ನೋಡಿದಳು. ಟಿಕೆಟ್ ಹರಿದು, ಚಿಲ್ಲರೆ ಉಜ್ಜಿ ಇವರ ಬೆರಳ ತುದಿಗಳು ಒಣಮರವಾಗಿವೆ. ಎಷ್ಟು ಒತ್ತಿದರೂ ಗಾಜಿಗೆ ಅದು ಬೆರಳೆಂದು ಗೊತ್ತಾಗಲೇ ಇಲ್ಲ.

"ಗುಂಡಿ ಫೋನೇ ಬೇಕು" ಎಂದಳು ವಾಣಿ.

ಜೂನ್ 23, ಭಾನುವಾರ

ಮೂವರೂ ಮೆಟ್ಟೂರಿಗೆ ಹೋಗಿದ್ದೆವು. ಇವರು ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಗುಂಡಿ ಹಾಕಿದ ಅಂಗಿಯ ಕಾಲರ್ ಎತ್ತಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಯಾರ ಮುಖವನ್ನೂ ನೋಡದೆ ನಡೆದರು. ಆದರೆ ನೋಡುವವರು ಬಿಡುತ್ತಾರೆಯೇ? ಹೂ ಮಾರುವವಳು ಬಾಯಿಗೆ ಸೆರಗು ಹಿಡಿದು ಅತ್ತೇಬಿಟ್ಟಳು.

ಫೋನಿನಂಗಡಿಯ ಸತೀಶ್‌ಕುಮಾರ್ ತಮಿಳಿನವನು, ನಮ್ಮ ಜೊತೆ ಮಾತ್ರ ಮುರುಕು ಕನ್ನಡ. ನಾಲ್ಕು ಪೆಟ್ಟಿಗೆ ತೆರೆದಿಟ್ಟ. ಎಲ್ಲಕ್ಕಿಂತ ಅಗ್ಗದ ನೀಲಿಯದನ್ನು ಮೊದಲು ಕೊಟ್ಟ.

"ಅಣ್ಣಾ, ಇದು ಸೂಪರ್. ಟಾರ್ಚ್ ಐತೆ, ರೇಡಿಯೋ ಐತೆ, ಚಾರ್ಜ್ ಮೂರು ನಾಳ್, ಮೂರು ದಿನ ನಿಲ್ಲುತ್ತೆ."

ವಾಣಿ ಅದಕ್ಕೆ ಸಿಮ್ ಹಾಕಿಸಿ ತನ್ನ ಫೋನಿಂದ ತಮಿಳಿನಲ್ಲಿ ಒಂದು ಮೆಸೇಜ್ ಕಳಿಸಿದಳು. ಪರದೆಯ ಮೇಲೆ ಅಕ್ಷರದ ಬದಲು ಸಾಲಾಗಿ ಖಾಲಿ ಚೌಕ ಬಂದವು. ಎರಡನೆಯದು ತಮಿಳು ತೋರಿಸಿತು, ಆದರೆ ಅದರಲ್ಲಿ ತಮಿಳು ಬರೆಯಲು ಆಗುವುದಿಲ್ಲ. ಮೂರನೆಯದನ್ನು ಸತೀಶ್‌ಕುಮಾರ್ ಬಹಳ ಹುರುಪಿನಿಂದ ಎತ್ತಿದ.

"ಇದು ಪೇಸುಂ ಫೋನ್. ನಂಬರ್ ಒತ್ತಿದ್ರೆ ಬಾಯಿಬಿಟ್ಟು ಏಳುತ್ತೆ. ಕೇಳಿ ಅಣ್ಣಾ."

ಐದು ಒತ್ತಿದ. ಫೋನಿನೊಳಗಿಂದ ಒಬ್ಬಳು ಹೆಂಗಸು ಐದು ಎಂದಳು. ಇವರು ಆ ಫೋನನ್ನು ಮೆಲ್ಲಗೆ ತೆಗೆದು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಮುಚ್ಚಿದರು. ಅವನಿಗೆ ಆಮೇಲೆ ಹೊಳೆಯಿತು. "ಸಾರಿಣ್ಣಾ" ಎಂದು ತಲೆ ತಗ್ಗಿಸಿದ.

ನಾಲ್ಕನೆಯದು ಕಪ್ಪಗೆ, ದಪ್ಪಗೆ, ಗುಂಡಿಗಳು ಗಟ್ಟಿ. ಒಂದೊಂದನ್ನು ಒತ್ತಿದಾಗಲೂ ಟಕ್ಕೆಂದು ಸದ್ದು. ಇವರು ಕಣ್ಣುಮುಚ್ಚಿ ಹೆಬ್ಬೆರಳಿಂದ ಏನೋ ಒತ್ತಿ ವಾಣಿಗೆ ತೋರಿಸಿದರು. ಅವಳು ನಗಲು ಹೋಗಿ ಮುಖ ತಿರುಗಿಸಿಕೊಂಡಳು. "ಮೇಚ್ಚೇರಿ ಓಮಲೂರು ಸೇಲಂ" ಎಂದು ಬರೆದಿದ್ದರಂತೆ.

ಅದನ್ನೇ ತೆಗೆದುಕೊಂಡೆವು. ನನಗೂ ಒಂದು ಬೇಕಿತ್ತಲ್ಲ. "ಅಮ್ಮಂಗೆ ಮೆಸೇಜ್ ಓದಾಕೆ ಬರಲ್ಲ, ಕಾಲ್ ಬಂದ್ರೆ ಸಾಕು" ಎಂದು ವಾಣಿ ಚೌಕ ತೋರಿಸುವ ನೀಲಿಯದನ್ನೇ ಆರಿಸಿದಳು. ರಿಂಗು ಜೋರಾಗಿದೆ. ನಾನೂ ಹೂಂ ಎಂದೆ.

ಜೂನ್ 27

ಮನೆಯೊಳಗಿನ ಮಾತು ಈಗ ಧರ್ಮಪುರಿಗೆ ಹೋಗಿ ಬರುತ್ತದೆ.

ಇವರು ಹಜಾರದ ಮಂಚದ ಮೇಲೆ ಕುಳಿತು ವಾಣಿಗೆ ಮೆಸೇಜ್ ಕಳಿಸುತ್ತಾರೆ. ವಾಣಿ ಕ್ಲಾಸ್ ಮುಗಿದ ಮೇಲೆ ನನಗೆ ಫೋನ್ ಮಾಡುತ್ತಾಳೆ. "ಅಮ್ಮಾ, ಅಪ್ಪಂಗೆ ದಿಂಬು ಎತ್ತರ ಮಾಡ್ಬೇಕಂತೆ." ನಾನು ಎಂಟು ಹೆಜ್ಜೆ ನಡೆದು ದಿಂಬು ಸರಿಮಾಡುತ್ತೇನೆ. ನಿನ್ನೆ ಅವಳಿಗೆ ಪರೀಕ್ಷೆ ಇತ್ತು. ಬೆಳಿಗ್ಗೆ ಕೇಳಿದ ಬೆಲ್ಲದ ಕಾಫಿ ಸಂಜೆ ನಾಲ್ಕಕ್ಕೆ ನನಗೆ ತಿಳಿಯಿತು. ಕೊಟ್ಟಾಗ ಇವರಿಗೆ ಏಕೆ ಕೊಟ್ಟೆನೆಂದೇ ನೆನಪಿರಲಿಲ್ಲ.

ಅವಸರಕ್ಕೆ ನನಗೆ ಮಿಸ್ಡ್ ಕಾಲ್. ಒಂದು ರಿಂಗಾದರೆ ಬಾ. ನಾನು ಶಾಲೆಯಲ್ಲಿ ಮಕ್ಕಳಿಗೆ ಬೆಳಗಿನ ತಿಂಡಿ ಬೇಯಿಸುವವಳು. ಐದೂವರೆಗೆ ಹೋಗಿ ಒಂಬತ್ತಕ್ಕೆ ಬರುತ್ತೇನೆ. ಉಪ್ಪಿಟ್ಟು ತಿರುವುವಾಗ ಸೊಂಟದಲ್ಲಿ ಫೋನ್ ಕೂಗಿದರೆ ಜೊತೆಗೆ ಬೇಯಿಸುವ ಕಣ್ಣಮ್ಮ ನಗುತ್ತಾಳೆ. "ಓಗಮ್ಮಾ, ನಿನ್ ಗಂಡ ವಿಸಿಲ್ ಊದ್ತಾ ಅವ್ನೆ."

ಜುಲೈ 12

ಸೋಮವಾರದಿಂದ ಸೇಲಂನಲ್ಲಿ ಕರೆಂಟ್ ಇಡುತ್ತಿದ್ದಾರೆ. ಇಲ್ಲಿಯವರು ರೇಡಿಯೇಷನ್‌ಗೆ ಹಾಗೇ ಹೇಳುವುದು. ಭಾನುವಾರ ಬಿಟ್ಟು ದಿನಾ ಹೋಗಬೇಕು, ಆರು ವಾರ. ಹೋಗಲು ಎರಡೂವರೆ ಗಂಟೆ, ಯಂತ್ರದ ಕೆಳಗೆ ಹತ್ತು ನಿಮಿಷ, ಬರಲು ಎರಡೂವರೆ ಗಂಟೆ. ಕಣ್ಣಮ್ಮ ನನ್ನ ಪಾಲಿನ ಪಾತ್ರೆಯನ್ನೂ ತೊಳೆಯುತ್ತಿದ್ದಾಳೆ.

ಇವರ ಬಸ್ಸಿನ ಡ್ರೈವರ್ ಅಣ್ಣಾಮಲೈ ಸಂಜೆ ಕಿತ್ತಳೆ ತಂದಿದ್ದ. "ಎಂಗಿದೀಯಾ ಮಾಪ್ಳೆ?" ಎಂದು ಸಲಿಗೆಯಿಂದ ಕೇಳಿದ. ಇವರು ಬಾಯಿ ತೆರೆಯುವಷ್ಟರಲ್ಲಿ, ತೆರೆದೂ ಏನು ಪ್ರಯೋಜನ, ನಾನೇ ಹೇಳಿದೆ. "ಚೆನ್ನಾಗವ್ರೆ. ಪೊಂಗಲ್ ಕಳುದ್ ಮ್ಯಾಲೆ ಡ್ಯೂಟಿಗೆ ಬತ್ತಾರೆ. ಟಿಕೆಟ್ ಕೊಡಾಕೆ ಬಾಯಿ ಯಾಕೆ?" ಅಣ್ಣಾಮಲೈ ನಕ್ಕ. ಮೊದಲು ಯಾರಾದರೂ ಬಂದರೆ ನಾನು ಅಡಿಗೆಮನೆಯ ಬಾಗಿಲು ದಾಟುತ್ತಿರಲಿಲ್ಲ.

ಇವರು ಕಪ್ಪು ಫೋನಿನಲ್ಲಿ ಏನೋ ಒತ್ತಿ ಅಣ್ಣಾಮಲೈಗೆ ತೋರಿಸಿದರು. ಅವನು ಓದಿದ. ನನ್ನ ಮುಖ ನೋಡಿದ. "ಸರಿ ಮಾಪ್ಳೆ" ಎಂದು ಬೇಗ ಎದ್ದು ಹೋದ. ಕಿತ್ತಳೆ ಹುಳಿ.

ಜುಲೈ 26

ಇವರ ಕತ್ತಿನ ಚರ್ಮ ಸುಟ್ಟ ಬದನೆಕಾಯಿಯಂತಾಗಿದೆ. ನುಂಗಲಾಗದು. ಗಂಜಿಯನ್ನೂ ಬಟ್ಟೆಯಲ್ಲಿ ಸೋಸಿ ಕೊಡುತ್ತೇನೆ.

ಇವತ್ತು ಬಸ್ಸಿಂದ ಬಂದವರೇ ಫೋನ್ ಹಿಡಿದರು. ಟಕ್, ಟಕ್, ಟಕ್. ನಾನು ಅವರೆಕಾಯಿ ಸುಲಿದು ಮುಗಿಸಿದೆ, ಆದರೂ ಒತ್ತುತ್ತಲೇ ಇದ್ದರು. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಆಮೇಲೆ ಫೋನನ್ನು ಎದೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕಾದರು.

ವಾಣಿ ಫೋನ್ ಮಾಡಿದಳು. "ಬಿಸಿನೀರು ಬೇಕಂತೆ ಅಮ್ಮಾ."

"ಅಷ್ಟುದ್ದ ಬರ್ದಿದ್ದು ಬಿಸಿನೀರಿಗಾ?"

"ಅಪ್ಪ ಗುಂಡಿ ತಪ್ತಪ್ಪಾಗಿ ಒತ್ತಾರೆ. ಕೊಡು, ಕೊಡು."

ಬಿಸಿನೀರು ಕೊಟ್ಟೆ. ಇವರು ಲೋಟವನ್ನೂ ನನ್ನನ್ನೂ ನೋಡಿ ಗೋಡೆಯ ಕಡೆ ತಿರುಗಿ ಮಲಗಿದರು. ಬೇಕೆಂದು ಕೇಳಿ ಕುಡಿಯಲಿಲ್ಲ. ಇವರ ಹಟ ಗಂಟಲ ಜೊತೆ ಹೋಗಲಿಲ್ಲ.

ಆಗಸ್ಟ್ 3

ಆಡಿ ಹದಿನೆಂಟು, ಇಲ್ಲಿಯವರ ಹೊಳೆ ಹಬ್ಬ. ಅಣೆಕಟ್ಟು ತುಂಬಿದೆ. ಮೆಟ್ಟೂರಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ವಾಣಿ ಬಂದಿದ್ದಳು. ಅಪ್ಪನ ಕತ್ತಿನ ಗಾಯವನ್ನು ಶುದ್ಧ ಮಾಡಲು ಹತ್ತಿರ ಹೋದರೆ ಇವರು ಅವಳ ಕೈ ತಳ್ಳಿದರು. ಅವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬಟ್ಟೆ ಒಗೆದಳು.

ಆಗಸ್ಟ್ 13, ಮಂಗಳವಾರ

ಬೆಳಿಗ್ಗೆ ಮೆಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಇವರು ಸೇಲಂ ಬಸ್ ಹತ್ತಲಿಲ್ಲ. ಕಂಬ ಹಿಡಿದು ನಿಂತುಬಿಟ್ಟರು. ಕೈ ಹಿಡಿದೆಳೆದೆ, ಬರಲಿಲ್ಲ. ತೂತಿನಿಂದ ಬುಸ್ ಬುಸ್ ಎಂದು ಗಾಳಿ. ಜನ ಗುಂಪುಗೂಡಿದರು, ಎಲ್ಲ ಇವರ ಪರಿಚಯದವರೇ. ಒಂದು ಬಸ್ ಹೋಯಿತು. ಎರಡನೆಯದೂ ಹೊರಟಿತು.

ನನಗೆ ಏನಾಯಿತೋ ಗೊತ್ತಿಲ್ಲ. "ಎಲ್ಲಾದಕ್ಕೂ ಸರಿ ಅಂತ ಮಗಳಿಗೆ ಬರ್ದು ಕಳ್ಸಿ, ಇಲ್ಲಿ ಬಂದು ನಾಟ್ಕ ಆಡ್ತೀಯಾ? ಅತ್ತು ಲೇ! ಅತ್ತು ಬಸ್ಸು!" ಎಂದು ಕೂಗಿದೆ. ಲೇ ಎಂದೆ. ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡಿತು. ಹೊರಟ ಬಸ್ ಕೂಡ ನಿಂತಿತು. ಇವರು ಕಂಬ ಬಿಟ್ಟು, ತಲೆ ಬಗ್ಗಿಸಿ ಹತ್ತಿ ಕುಳಿತರು.

ಸಂಜೆ ಮೂರು ಸಲ ಮಿಸ್ಡ್ ಕಾಲ್ ಬಂತು. ನಾನು ಹಿತ್ತಲಲ್ಲಿದ್ದೆ. ಹೋಗಲಿಲ್ಲ. ನೀಲಿ ಫೋನಿನ ಸದ್ದು ನಿಲ್ಲಿಸುವುದು ಹೇಗೆಂದು ಕಣ್ಣಮ್ಮನ ಹತ್ತಿರ ಕಲಿತಿದ್ದೆ, ನಿಲ್ಲಿಸಿದೆ.

ಸೆಪ್ಟೆಂಬರ್ 5

ಕರೆಂಟ್ ಮುಗಿದು ಎರಡು ವಾರ. ಇವರು ಈಗ ಮೆಸೇಜ್ ಮಾಡುವುದೇ ಕಡಿಮೆ. ವಾಣಿ ದಿನಾ ತಾನಾಗಿ ಫೋನ್ ಮಾಡಿ "ಅಪ್ಪ ಚೆನ್ನಾಗಿದೀನಿ ಅಂದ್ರು" ಎನ್ನುತ್ತಾಳೆ. ಆ ಹೊತ್ತಿಗೆ ಕಪ್ಪು ಫೋನ್ ಮಂಚದ ಕಾಲ ಬಳಿ ಬಿದ್ದಿರುತ್ತದೆ. ಯಾವಾಗ ಅಂದರೋ.

ಶಾಲೆಯಲ್ಲಿ ಉಪ್ಪಿಟ್ಟು ಆರುವ ತನಕ ಒಂದನೆಯ ತರಗತಿಯ ಗೋಡೆ ನೋಡುತ್ತ ನಿಲ್ಲುತ್ತೇನೆ. ಅಮ್ಮ, ಆಡು, ಎಲೆಗೆ ಇಲೆ, ನೊಣಕ್ಕೆ ಈ ಎಂದು ಚಿತ್ರದ ಕೆಳಗೆ ತಮಿಳಕ್ಷರ ಬರೆದಿದ್ದಾರೆ. ಸುಮ್ಮನೆ, ಹೊತ್ತು ಹೋಗಲಿ ಎಂದು. "ಏನಮ್ಮಾ ಶಶಿ, ಟೀಚರ್ ಆಗ್ತೀಯಾ?" ಎಂದಳು ಕಣ್ಣಮ್ಮ. ಅಕ್ಷರಗಳೇನೂ ಹೆಚ್ಚಿಲ್ಲ. ನಮ್ಮದರಷ್ಟು ಇಲ್ಲವೇ ಇಲ್ಲ.

ಅಕ್ಟೋಬರ್ 8

ರೋಗ ಮತ್ತೆ ಬಂದಿದೆ, ಈ ಸಲ ಶ್ವಾಸಕೋಶದಲ್ಲಿ. ಎರಡು ಕಡೆಯೂ.

ಡಾಕ್ಟರು ಒಳ್ಳೆಯ ಮನುಷ್ಯ, ವಾಣಿಗೆ ಚಿತ್ರ ಬರೆದು ತೋರಿಸಿದರು. ಇದು ವಾಸಿಯಾಗುವುದಲ್ಲ, ಡ್ರಿಪ್ಪಿನಲ್ಲಿ ಔಷಧ ಕೊಟ್ಟರೆ ಕೆಲವು ತಿಂಗಳು ಮುಂದೆ ಹೋಗಬಹುದು, ಕಷ್ಟವೂ ಇದೆ, ರೋಗಿಯನ್ನೇ ಕೇಳಿ ಎಂದರು. ಹೊರಗೆ ಬೆಂಚಿನ ಮೇಲೆ ವಾಣಿ ಇವರನ್ನು ಕೇಳಿದಳು. ಇವರು ಒತ್ತಿ ತೋರಿಸಿದರು. ವಾಣಿ ಓದಿ ಫೋನನ್ನು ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದಳು. "ಸರಿ ಅಂದ್ರು ಅಮ್ಮಾ. ಇಪ್ಪತ್ತೊಂದಕ್ಕೆ ಅಡ್ಮಿಷನ್."

ಒತ್ತಿದ್ದು ಬಹಳ ಚಿಕ್ಕದು. ಐದಾರು ಟಕ್.

ಅಕ್ಟೋಬರ್ 13, ಭಾನುವಾರ

ಇವರು ಮಧ್ಯಾಹ್ನ ನಿದ್ದೆಯಲ್ಲಿದ್ದಾಗ ಕಪ್ಪು ಫೋನನ್ನು ಚಾರ್ಜಿಗೆ ಹಾಕಲು ತೆಗೆದೆ. ಮೆಸೇಜುಗಳ ಜಾಗ ನನಗೆ ಗೊತ್ತು. ತೆರೆದೆ. ಎಂಟನೆಯ ತಾರೀಕಿನದು ಮೇಲೆಯೇ ಇತ್ತು, ಬರೀ ಒಂದು ಪದ.

ಗೋಡೆಯ ಅಕ್ಷರಗಳನ್ನು ನೆನೆದುಕೊಂಡು ಒಂದೊಂದಾಗಿ ಹೇಳಿದೆ. ವೇ. ಣ್. ಡಾ. ಮ್.

ವೇಂಡಾಂ. ಬೇಡ.

ಆ ಪದದ ಆಕಾರ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಎಲ್ಲೆಲ್ಲೂ ಅದೇ. ಆಗಸ್ಟಿನಲ್ಲಿ ಏಳು ಸಲ. ಕಂಬ ಹಿಡಿದು ನಿಂತ ದಿನ ಮೂರು ಸಲ. ಜುಲೈ 26ರದನ್ನು ಹುಡುಕಿದೆ. ಉದ್ದನೆಯದು. ಸೂರ್ಯ ಹಿತ್ತಲಿಗೆ ಇಳಿಯುವ ತನಕ ಓದಿದೆ. ಇವರು ಎದ್ದು ನನ್ನನ್ನು ನೋಡುತ್ತಿದ್ದುದೂ ತಿಳಿಯಲಿಲ್ಲ. ತಮಿಳಿನಲ್ಲಿದ್ದುದನ್ನು ಕನ್ನಡದಲ್ಲಿ ಬರೆದಿಡುತ್ತೇನೆ.

"ವಾಣಿ, ಇದನ್ನು ನಿಮ್ಮಮ್ಮನಿಗೆ ಹೇಳು. ನೀನು ಹೇಳುತ್ತಿಲ್ಲ ಎಂದು ನನಗೆ ಅನುಮಾನ. ಕರೆಂಟ್ ಬೇಡ. ಒಳಗೆಲ್ಲ ಬೇಯುತ್ತಿದೆ. ಎಂಜಲು ನುಂಗಿದರೆ ಬ್ಲೇಡು ನುಂಗಿದ ಹಾಗೆ. ಇದು ಹೋಗುವ ರೋಗವಲ್ಲ ಎಂದು ನನಗೆ ಗೊತ್ತು. ನನ್ನನ್ನು ನಮ್ಮೂರು ಪಾಲಮಲೆಗೆ ಕರೆದುಕೊಂಡು ಹೋಗಿ ಬಿಡಲು ಅವಳಿಗೆ ಹೇಳು. ಅವಳು ಕೇಳುತ್ತಾಳೆ."

ಅವಳು ಕೇಳುತ್ತಾಳೆ ಎಂದು ಬರೆದಿದ್ದರು. ನಾನು ಬಿಸಿನೀರು ಕೊಟ್ಟೆ.

ಅಕ್ಟೋಬರ್ 14

ಶಾಲೆಗೆ ಹೋಗಲಿಲ್ಲ. ವಾಣಿಗೆ ಫೋನ್ ಮಾಡಿದೆ.

"ನಿಮ್ಮಪ್ಪ ಬೇಡ ಅಂದದ್ನೆಲ್ಲ ಓದ್ದೆ" ಎಂದೆ.

ಅವಳ ಹಿಂದೆ ಯಾರೋ ಹುಡುಗಿಯರ ನಗು ಕೇಳುತ್ತಿತ್ತು.

"ನಾನು ಏಳಿದ್ರೆ ನೀನು ನಿಲ್ಸಿಬಿಡ್ತಿದ್ದೆ ಅಮ್ಮಾ."

"ಊಂ, ನಿಲ್ಸ್ತಿದ್ದೆ."

"ಅದುಕ್ಕೇ ಏಳ್ಲಿಲ್ಲ. ವಾರ್ಡಲ್ಲಿ ದಿನಾ ನೋಡ್ತೀನಿ, ನೋವಲ್ಲಿ ಎಲ್ರೂ ವೇಂಡಾಂ ಅಂತಾರೆ. ಆಮ್ಯಾಲೆ ಉಷಾರಾಗಿ ಲಡ್ಡು ತಂದ್ಕೊಡ್ತಾರೆ. ಅಪ್ಪನೂ ಅಂಗೇ ಅಂತ..."

"ಅವ್ರ ಮಾತು ಅದು. ನಿಂದಲ್ಲ."

"ಗೊತ್ತು" ಎಂದು ಅಳಲು ಶುರುಮಾಡಿದಳು. "ಸಾಯಾಕೆ ಬಿಡು ಅಂತ ನನ್ನ ಬಾಯಿಂದ ಎಂಗಮ್ಮಾ ಏಳ್ಲಿ? ನಂಗೆ ಇಪ್ಪತ್ತು ವಯ್ಸು."

ಬೈಯಲೆಂದೇ ಫೋನ್ ಮಾಡಿದ್ದೆ. ಆಗಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿ ಇಟ್ಟೆ.

ಅಕ್ಟೋಬರ್ 17

ಇವರ ಪಕ್ಕ ಮಂಚದ ಮೇಲೆ ಕುಳಿತೆ. ಮದುವೆಯಾದಾಗಿನಿಂದ ಹಗಲು ಹೊತ್ತಿನಲ್ಲಿ ಹಾಗೆ ಕುಳಿತವಳಲ್ಲ. "ನಂಗೆ ಓದಾಕೆ ಬತ್ತದೆ ಈಗ. ನಿಧಾನ. ನನ್ಗೇ ಬರೀರಿ" ಎಂದೆ.

ನಂಬಲಿಲ್ಲ. ಪರೀಕ್ಷೆ ಮಾಡುವವರಂತೆ ನಾಲ್ಕು ಅಕ್ಷರ ಒತ್ತಿ ಕೊಟ್ಟರು. "ಪಾಲಮಲೈ" ಎಂದು ಓದಿದೆ. ಫೋನ್ ತೆಗೆದುಕೊಂಡು ಇನ್ನೊಂದು ಒತ್ತಿದರು. "ಎಪ್ಪೋ?" ಯಾವಾಗ?

"ಇಪ್ಪತ್ತೊಂದಕ್ಕೆ ಆಸ್ಪತ್ರಿಗೆ ಓಗಲ್ಲ. ಅವತ್ತೇ ಮಲೆ ಅತ್ತಣ."

ಇವರು ನನ್ನ ಮೊಣಕೈ ಹಿಡಿದುಕೊಂಡರು. ಬಿಡಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

ನವೆಂಬರ್ 4, ಪಾಲಮಲೆ

ಬಂದು ಎರಡು ವಾರವಾಯಿತು. ಇವರ ಅಣ್ಣ ತಿಮ್ಮಪ್ಪ ತನ್ನ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಾರೆ. ಜೀಪಿನಲ್ಲಿ ಬರುವಾಗ ಕಲ್ಲು ಹಾದಿಯ ಕುಲುಕಿಗೆ ಇವರ ತೂತಿನಿಂದ ರಕ್ತ ಬಂತು. ಇಳಿಯಿರಿ ಎಂದರೆ ಇಳಿಯಲಿಲ್ಲ. ಹೊರಡುವ ಮುಂಚೆ ಹೇಳಿ ಬರಲು ಹೋದಾಗ ಸೇಲಂ ಡಾಕ್ಟರು ನೋವಿನ ಮಾತ್ರೆ ಕೊಟ್ಟು, ಹಣೆ ಮುಟ್ಟಿ ಕಳಿಸಿದ್ದರು.

ಇಲ್ಲಿ ಟವರ್ ಇಲ್ಲ. ರಾಗಿ ಹೊಲದ ಮೇಲಿನ ಬಂಡೆ ಹತ್ತಿದರೆ ಒಂದು ಗೆರೆ ಬರುತ್ತದೆ. ವಾಣಿಗೆ ನಾನು ಅಲ್ಲಿಂದಲೇ ಫೋನ್ ಮಾಡುವುದು. ಇವರ ಫೋನ್ ಈಗ ಯಾರಿಗೂ ಏನನ್ನೂ ಕಳಿಸುವುದಿಲ್ಲ. ಇವರು ಒತ್ತುತ್ತಾರೆ, ನನ್ನ ಕೈಗೆ ಕೊಡುತ್ತಾರೆ, ನಾನು ಓದುತ್ತೇನೆ. ಕಳಿಸಲಾಗದ್ದೆಲ್ಲ ಒಳಗೆ ಒಂದು ಕಡೆ ಉಳಿದುಕೊಳ್ಳುತ್ತದೆ.

ಇವತ್ತು ಗಂಜಿ ತಂದಾಗ ಏನೋ ಒತ್ತಿ ಕೊಟ್ಟರು. "ಕಂಜಿ ಪೇಡ" ಎಂದಿತ್ತು. ಕಂಜಿ ಸರಿ, ಪೇಡ ಎಲ್ಲಿಂದ ತರಲಿ? "ಪೇಡ ತಿನ್ನೋ ಆಸೆನಾ? ಕೆಳಗಿಂದ ತರಿಸ್ಬೇಕು" ಎಂದೆ. ಇವರ ಭುಜ ಕುಲುಕತೊಡಗಿತು. ಕೆಮ್ಮೆಂದು ಓಡಿದೆ. ಕೆಮ್ಮಲ್ಲ, ನಗು. ತೂತಿನ ಬಟ್ಟೆ ಹಾರುವಷ್ಟು ನಗು. ಆಮೇಲೆ ಹೊಳೆಯಿತು. ತಮಿಳಿನಲ್ಲಿ ಗ ಇಲ್ಲ, ಬ ಇಲ್ಲ. ಗಂಜಿ ಬೇಡ. ನನಗೆಂದು ಕನ್ನಡವನ್ನು ತಮಿಳಕ್ಷರದಲ್ಲಿ ಬರೆದಿದ್ದರು.

ನವೆಂಬರ್ 20

ದಿನಾ ಹತ್ತು ಹದಿನೈದು ಬರೆಯುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ನನ್ನೊಡನೆ ಇಷ್ಟು ಆಡಿದ್ದಿಲ್ಲ. ಮೊದಲ ಸಲ ಟಿಕೆಟ್ ಕೊಟ್ಟದ್ದು, ಮೇಚ್ಚೇರಿಯ ತಿರುವಿನಲ್ಲಿ ಒಬ್ಬಳಿಗೆ ಬಸ್ಸಿನಲ್ಲೇ ಹೆರಿಗೆಯಾದದ್ದು. ನನಗೆ ಹೊಡೆದದ್ದು ಒಮ್ಮೆ. ಅದನ್ನೂ ಬರೆದರು. "ಆ ದಿನ ನಿನ್ನ ತಪ್ಪಿರಲಿಲ್ಲ" ಎಂದಷ್ಟೇ.

ನಾನೂ ಕೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಕೂಗಿದೆನಲ್ಲ ಎಂದು. "ಒಳ್ಳೆ ದನಿ. ಬಸ್ ನಿಂತಿತಲ್ಲ" ಎಂದು ಬರೆದರು. ನಾನು ಎದ್ದು ಹೊರಗೆ ಹೋಗಿ ನಿಂತೆ.

ಡಿಸೆಂಬರ್ 6

ಬೆರಳು ನಡುಗುತ್ತವೆ. ಮೂರು ಅಕ್ಷರಕ್ಕೆ ಸುಸ್ತು. ರಾತ್ರಿ ಹಗಲೆನ್ನದೆ ಉಸಿರಿನ ಗೊರಗೊರ. ನೋವಿನ ಮಾತ್ರೆ ಈಗ ಎರಡು.

ಡಿಸೆಂಬರ್ 11

ವಾಣಿಗೆ ರಜೆ ಸಿಕ್ಕಿದೆ, ಶನಿವಾರ ಬರುತ್ತಾಳೆ ಎಂದೆ. ಇವರು ಫೋನ್ ಕೇಳಿದರು. ಅರ್ಧ ಗಂಟೆ ಹಿಡಿಯಿತು. ನಡುವೆ ಎರಡು ಸಲ ಫೋನ್ ಕೈಜಾರಿತು, ಎತ್ತಿಕೊಟ್ಟೆ. ಬರೆದದ್ದು ಇದು.

"ವಾಣಿ ನನ್ನ ಮಾತು ನಿನಗೆ ಹೇಳಲಿಲ್ಲ. ಆರು ವಾರ ಸುಡಿಸಿದಳು. ನಾನು ಮರೆಯಲ್ಲ. ನನ್ನ ಮಣ್ಣಿಗೆ ಅವಳು ಬರೋದು ಬೇಡ."

"ಸಣ್ಣ ಹುಡ್ಗಿ. ಎದ್ರುಕೊಂಡ್ಳು. ಬುಡಿ" ಎಂದೆ. ತಲೆಯಾಡಿಸಿದರು. "ನಿಮ್ ಮ್ಯಾಲೆ ಪ್ರಾಣ ಅದುಕ್ಕೆ." ತಲೆಯಾಡಿಸಿದರು. ಕಾಲು ಒತ್ತುತ್ತ ಇನ್ನೊಮ್ಮೆ ಕೇಳಿದೆ. ಕೊನೆಯ ಪದದ ಮೇಲೆ ಬೆರಳಿಟ್ಟು ತೋರಿಸಿದರು. ಪೇಡ. ಈ ಸಲ ಯಾರೂ ನಗಲಿಲ್ಲ.

ಬಂಡೆ ಹತ್ತಿ ವಾಣಿಗೆ ಫೋನ್ ಮಾಡಿದೆ. ಈ ವಾರ ಬೇಡ, ಅಪ್ಪನಿಗೆ ನಿದ್ದೆ ಜಾಸ್ತಿ, ಮುಂದಿನ ವಾರ ಬಾ ಎಂದೆ.

ಡಿಸೆಂಬರ್ 16, ಸೋಮವಾರ

ಬೆಳಿಗ್ಗೆ ಏಳಕ್ಕೆ ಹೋದರು. ನಾನು ಬೆನ್ನಿಗೆ ಆನಿಸಿ ಹಿಡಿದಿದ್ದೆ. ಗೊರಗೊರ ನಿಂತಿತು.

ಡಿಸೆಂಬರ್ 18

ನಿನ್ನೆ ವಾಣಿ ಬಂದಳು. ತಿಮ್ಮಪ್ಪನವರು ಅವಳಿಗಾಗಿ ಮಣ್ಣು ಮಾಡುವುದನ್ನು ಮಧ್ಯಾಹ್ನದ ತನಕ ನಿಲ್ಲಿಸಿದ್ದರು, ನಾನೇ ಹೇಳಿದ್ದೆ. ಜೀಪು ಕೆಟ್ಟು ಅರ್ಧ ಹಾದಿ ನಡೆದು ಬಂದಿದ್ದಳು. ಚಪ್ಪಲಿ ಕಿತ್ತಿತ್ತು. ಮೊದಲ ಹಿಡಿ ಮಣ್ಣು ಅವಳೇ ಹಾಕಿದಳು. ಯಾರೂ ಏನೂ ಅನ್ನಲಿಲ್ಲ. ಅನ್ನಲು ಯಾರಿಗೆ ಗೊತ್ತು.

ಜನವರಿ 2, 2025

ವಾಣಿ ನಾಳೆ ಧರ್ಮಪುರಿಗೆ ಹೋಗುತ್ತಾಳೆ. ನಾನೂ ಅವಳ ಜೊತೆ ಕೊಳತ್ತೂರಿಗೆ ಇಳಿಯುತ್ತೇನೆ, ಶಾಲೆ ತೆರೆಯುವಷ್ಟರಲ್ಲಿ ಮನೆ ಒರೆಸಬೇಕು.

ಊಟವಾದ ಮೇಲೆ ಕೇಳಿದಳು. "ಅಮ್ಮಾ, ಇಲ್ಲಿ ಬಂದ್ಮ್ಯಾಲೆ ಅಪ್ಪ ಬರ್ದಿದ್ದೆಲ್ಲ ಫೋನಲ್ಲೇ ಐತಾ?"

"ಐತೆ."

"ಕೊಡ್ತೀಯಾ? ಓದ್ಬೇಕು."

ಚಾರ್ಜ್ ಇಲ್ಲ, ಹಾಕಿ ಕೊಡುತ್ತೇನೆ ಎಂದು ಒಳಗೆ ಹೋದೆ. ಅರ್ಧ ಚಾರ್ಜ್ ಇತ್ತು. ರಾಗಿ ಮೂಟೆಯ ಮೇಲೆ ಕುಳಿತು ಕೆಳಗಿನಿಂದ ಮೇಲೆ ಬಂದೆ. ಈಗ ತಡವರಿಸದೆ ಓದುತ್ತೇನೆ. ಡಿಸೆಂಬರ್ 11ರದು ಸಿಕ್ಕಿತು. ಇನ್ನೊಮ್ಮೆ ಓದಿದೆ. ಅಳಿಸು ಎಂಬ ಕಡೆ ಒತ್ತಿದೆ. ನಿಜವಾಗಿಯೂ ಅಳಿಸಲೇ ಎಂದು ಫೋನ್ ಕೇಳಿತು. ಗುಂಡಿ ಇನ್ನೂ ಗಟ್ಟಿಯಾಗಿಯೇ ಇದೆ, ಜೋರಾಗಿ ಒತ್ತಬೇಕು. ಒತ್ತಿದೆ.

ಹೊಸಿಲ ಮೇಲೆ ಕುಳಿತು ವಾಣಿ ಎಲ್ಲವನ್ನೂ ಓದಿದಳು. ಕಂಜಿ ಪೇಡಕ್ಕೆ ನಕ್ಕಳು. ಬಸ್ಸಿನಲ್ಲಿ ಹೆರಿಗೆಯಾದದ್ದನ್ನು ತಿಮ್ಮಪ್ಪನವರಿಗೆ ಗಟ್ಟಿಯಾಗಿ ಓದಿ ಹೇಳಿದಳು. ಕೊನೆಗೆ ಬಂದಾಗ ಹೊರಗೆ ಬೆಳಕು ಇಳಿಯುತ್ತಿತ್ತು.

"ನನ್ ಬಗ್ಗೆ ಏನೂ ಇಲ್ವಲ್ಲಮ್ಮಾ."

"ಕೊನೆಕೊನೆಗೆ ಬೆರಳು ಓಡ್ತಿರ್ಲಿಲ್ಲ" ಎಂದೆ. "ನಿನ್ ಎಸ್ರು ಬಂದಾಗೆಲ್ಲ ನನ್ ಮೊಣಕೈ ಇಡ್ಕೊಳ್ಳೋರು."

"ನಿಜ್ವಾ?"

"ಊಂ. ಏಳು, ಬಟ್ಟೆ ತುಂಬ್ಕೋ. ಜೀಪು ಆರಕ್ಕೇ ಬತ್ತದೆ."